ಗಾಳಿ ಬತ್ತಾ, ಎಂತೂ ಬತ್ತಿಲ್ಯಾ?

12 ಜುಲೈ 2025, ಶನಿವಾರ. ಶಿರಸಿ ಕಡೆ ಬಿಡದ ಮಳೆ.

ಭಾವನ ಆ್ಯಪ್ ಇವತ್ತಾದರೂ ಕ್ಲೌಡಿಗೆ ಏರಿಸಿಯೇ ಬಿಡಬೇಕು ಅಂತ ದೋಸೆ ತಿಂದವನೇ ಮೆತ್ತಿಗೆ, ಅಂದರೆ ಮಹಡಿಗೆ, ಹತ್ತಿದೆ. ನಮ್ಮನೆಯಲ್ಲಿ ಸಿಗ್ನಲ್ ಸಿಗುವುದು ಮೆತ್ತಿಯ ಕಿಟಕಿ ಹತ್ತಿರ ಮಾತ್ರ. ಅದೂ ಫೋನನ್ನು ಹಳೆ ಪಂಚಾಂಗಕ್ಕೆ ಒರಗಿಸಿ ನಿಲ್ಲಿಸಿದರೆ. ಈಗ ಅಡಿಕೆಗೆ ಕೊಳೆರೋಗದ ಎರಡನೇ ಔಷಧಿ ಹೊಡೆಯುವ ಹೊತ್ತು. ಮಳೆ ಒಂದು ಗಳಿಗೆ ಹೊಳವಾದರೆ ಸಾಕು, ಊರಿನವರೆಲ್ಲ ಮರ ಹತ್ತಿ ಔಷಧಿ ಹೊಡೆಯುವ ಒಬ್ಬನೇ ಕೊನೆಗೌಡನಿಗೆ ಫೋನ್ ಹಚ್ಚುತ್ತಾರೆ. ಯಾರ ತೋಟ ಮೊದಲು, ಯಾರದು ಆಮೇಲೆ ಅಂತ ಪಾಳಿ ಬರೆದಿಡುವ ಆ್ಯಪ್ ಅದು. ಪೈಥಾನಿನ ಜಾಂಗೋ ಚೌಕಟ್ಟಿನಲ್ಲಿ ಬರೆದಿದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ಚೆಂದ ಓಡುತ್ತದೆ. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಚೆಂದವೇ, ಬಿಡಿ.

ಮುಂಬೈಯಲ್ಲಿ ಒಂದು ಬಾಡಿಗೆ ಸರ್ವರ್, 1 ಜಿಬಿ ರ‍್ಯಾಮ್, ಉಬುಂಟು. ಮುಂದೆ, ಬಂದವರನ್ನು ಬಾಗಿಲಲ್ಲಿ ಎದುರುಗೊಳ್ಳುವ ಎಂಜಿನ್‌ಎಕ್ಸ್, ಹಿಂದೆ, ಆ್ಯಪನ್ನು ಓಡಿಸುವ ಗುನಿಕಾರ್ನ್. ಕರೆಂಟು ಎರಡು ಸಲ ಹೋಯಿತು, ನೆಟ್ ಲೆಕ್ಕವಿಲ್ಲದಷ್ಟು ಸಲ. ಟಿಮಕ್ಸ್ ಇದ್ದಿದ್ದಕ್ಕೆ ಬಚಾವಾದೆ. ಇಲ್ಲಿ ನಾನು ಕಡಿದುಹೋದರೂ ಅಲ್ಲಿ ಶುರುವಾದ ಕೆಲಸ ನಿಲ್ಲುವುದಿಲ್ಲ.

ಬ್ರೌಸರಿನಲ್ಲಿ ವಿಳಾಸ ಹಾಕಿದರೆ ಚಕ್ರ ತಿರುಗಿದ್ದೇ ತಿರುಗಿದ್ದು. ಕೊನೆಗೆ ಟೈಮ್‌ಔಟ್. ಎಂಜಿನ್‌ಎಕ್ಸ್ ಫೈಲ್ ತಿದ್ದಿದೆ, ರೀಲೋಡ್ ಮಾಡಿದೆ. ಮತ್ತೆ ಟೈಮ್‌ಔಟ್. ಮತ್ತೆ ತಿದ್ದಿದೆ. ಹೀಗೇ ಒಂದೂವರೆ ತಾಸು.

ಅಷ್ಟರಲ್ಲಿ ಆಯಿ ಕೆಳಗಿಂದ ಕೂಗಿದಳು. "ಅಪ್ಪಯ್ಯ ಎಲ್ಲಿಗೆ ಹೋದ್ನೋ?"

ಬೆಳಿಗ್ಗೆಯಿಂದ ಬಚ್ಚಲಿಗೆ ನೀರು ಬರುತ್ತಿರಲಿಲ್ಲವಂತೆ. ನನಗೆ ಗೊತ್ತೇ ಇಲ್ಲ. ಯಾರಿಗೂ ಹೇಳದೆ ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿ, ಕತ್ತಿ ಹಿಡಿದು ಗುಡ್ಡ ಹತ್ತಿದ್ದ, ಅಬ್ಬಿ (ಝರಿ) ನೀರಿನ ಪೈಪು ನೋಡಲು. 72 ವರ್ಷ. ಈ ಮಳೆಯಲ್ಲಿ.

ಹನ್ನೊಂದೂವರೆಗೆ ಬಂದ. ಮೊಣಕಾಲು ತರಚಿತ್ತು. ಉಂಬಳ ಕಚ್ಚಿದ ಜಾಗದಿಂದ ರಕ್ತ ಪಾದದವರೆಗೆ ಇಳಿದಿತ್ತು. ನಾನು ರೇಗಿದೆ. "ಎಂತೂ ಆಜಿಲ್ಲೆ, ಸ್ವಲ್ಪ ಜಾರಿದ್ದು ಅಷ್ಟೇಯ" ಅಂದ. ಜಗಲಿಯಲ್ಲಿ ಕೂತು, ಕವಳದ ಬಟ್ಟಲಿನಿಂದ ಸುಣ್ಣ ತೆಗೆದು ಉಂಬಳದ ಗಾಯಕ್ಕೆ ಒತ್ತುತ್ತಾ ನನ್ನ ಮೋರೆ ನೋಡಿದ.

"ನಿಂದೆಂತಾ ಆತೋ ತಮಾ?"

"ಬತ್ತಾ ಇಲ್ಲೆ."

"ಗಾಳಿ ಬತ್ತಾ, ಎಂತೂ ಬತ್ತಿಲ್ಯಾ?"

ಅವನು ಪೈಪಿನ ಲೆಕ್ಕದಲ್ಲೇ ಕೇಳಿದ್ದು. ನಲ್ಲಿ ತಿರುಗಿಸಿದಾಗ ಬುಸ್ ಅಂತ ಗಾಳಿ ಬಂದರೆ ನಡುವೆ ಎಲ್ಲೋ ಜೋಡು ಬಿಟ್ಟಿದೆ. ಎಂತೂ ಬರದಿದ್ದರೆ ಮೇಲೆ ಪೈಪಿನ ಬಾಯಿಗೇ ಎಲೆ ಕಟ್ಟಿದೆ. ಕೆಂಪು ನೀರು ಬಂದರೆ ಪೈಪಿಗೆ ಏನೂ ಆಗಿಲ್ಲ, ಹೊಂಡದ ದರೆ ಜರಿದಿದೆ. ಎಲ್ಲಿಯವರೆಗೆ ಹತ್ತಬೇಕು ಅಂತ ಮನೆಯಿಂದ ಹೊರಡುವಾಗಲೇ ಅವನಿಗೆ ಗೊತ್ತಿರುತ್ತದೆ. ನಾನು ಎಂಜಿನಿಯರು, ನಲ್ಲಿಯನ್ನೂ ನೋಡದೆ ಸುಮ್ನೆ ಗುಡ್ಡ ಅಗೆಯುತ್ತಿದ್ದೆ.

ಟೈಮ್‌ಔಟ್ ಅಂದರೆ ಎಂತೂ ಬರದೇ ಇರುವುದು, ಅಲ್ವಾ? ಎಂಜಿನ್‌ಎಕ್ಸ್ ಸತ್ತು ಬಿದ್ದಿದ್ದರೆ 'ಕನೆಕ್ಷನ್ ರೆಫ್ಯೂಸ್ಡ್' ಅಂತ ಆ ಕ್ಷಣವೇ ಮುಖಕ್ಕೆ ಹೊಡೆದಂತೆ ಬರುತ್ತಿತ್ತು. ಮಾತೇ ಇಲ್ಲ ಅಂದರೆ ದಾರಿಯಲ್ಲೇ ಫೈರ್‌ವಾಲ್ ನುಂಗಿದೆ. ಮೆತ್ತಿಗೆ ಓಡಿ ನೋಡಿದೆ. ಸೆಕ್ಯುರಿಟಿ ಗ್ರೂಪಿನಲ್ಲಿ, ಅಂದರೆ ಆ ಫೈರ್‌ವಾಲಿನ ಪಟ್ಟಿಯಲ್ಲಿ, ನಾನು ಒಳಹೋಗುವ 22ನೇ ಪೋರ್ಟ್ ಮಾತ್ರ ತೆರೆದಿದೆ. ವೆಬ್ ಪುಟಕ್ಕೆ ಬೇಕಾದ 80, 443 ಎರಡೂ ಇಲ್ಲ. ಸೇರಿಸಿದೆ. ತಕ್ಷಣ 502 ಎರರ್ ಬಂತು. 502 ಕಂಡು ಇಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು. ಗಾಳಿ ಬಂತು! ಎಂಜಿನ್‌ಎಕ್ಸ್ ಬಾಗಿಲಲ್ಲಿ ಇದೆ, ಒಳಗಿನವನನ್ನು ಕರೆದರೆ ಉತ್ತರ ಸಿಗುತ್ತಿಲ್ಲ.

ಎರರ್ ಲಾಗ್ ತೆಗೆದರೆ '13, ಪರ್ಮಿಷನ್ ಡಿನೈಡ್'. ಎಂಜಿನ್‌ಎಕ್ಸ್ ಜೊತೆ ಮಾತಾಡಲು ಇರುವ ಗುನಿಕಾರ್ನಿನ ಸಾಕೆಟ್ ಫೈಲನ್ನು ನನ್ನ ಹೋಮ್ ಡೈರೆಕ್ಟರಿಯ ಒಳಗೆ ಇಟ್ಟಿದ್ದೆ. ಉಬುಂಟು 21.04ರಿಂದ ಈಚೆಗೆ ಹೊಸ ಹೋಮ್ ಡೈರೆಕ್ಟರಿಯ ಅನುಮತಿ 750 ಇರುತ್ತದೆ, ಹೊರಗಿನವರು ಹೊಸ್ತಿಲು ದಾಟುವ ಹಾಗಿಲ್ಲ. ಎಂಜಿನ್‌ಎಕ್ಸ್ ಓಡುವುದು ಬೇರೆ ಯೂಸರ್ ಹೆಸರಿನಲ್ಲಿ. ನಾನು ನೋಡಿ ನಕಲು ಮಾಡಿದ ಪಾಠ ಅದಕ್ಕಿಂತ ಹಳೆಯದು. ಎಲ್ಲರಿಗೂ ಎಲ್ಲ ಅನುಮತಿ, ಅಂದರೆ 777, ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಮನೆ ಬಾಗಿಲು ಕಿತ್ತಿಟ್ಟ ಹಾಗೆ ಅದು. ಸಾಕೆಟನ್ನು ಇಂಥ ಫೈಲುಗಳಿಗೆಂದೇ ಇರುವ ರನ್ ಡೈರೆಕ್ಟರಿಗೆ ಸಾಗಿಸಿದೆ, ಗುನಿಕಾರ್ನನ್ನು ಶುರುಮಾಡುವ ಸಿಸ್ಟಮ್‌ಡಿ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ಪುಟ ಬಂತು. ಎಚ್‌ಟಿಟಿಪಿಎಸ್ ಕೆಲಸ ಸರ್ಟ್‌ಬಾಟ್ ಎರಡು ನಿಮಿಷದಲ್ಲಿ ಮುಗಿಸಿತು.

ಮಧ್ಯಾಹ್ನ ಅಪ್ಪೆಹುಳಿ. ಅದರ ನಂತರ ನಿದ್ದೆ.

ಸಂಜೆ ಚಹಾಕ್ಕೆ ಕೂತಾಗ ಪೈಪಿನ ಕಥೆ ಕೇಳಿದೆ. ಜೋಡು ಬಿಟ್ಟಿತ್ತಂತೆ. ಸೈಕಲ್ ಟ್ಯೂಬ್ ಸೀಳಿ ಸುತ್ತಿ ಕಟ್ಟಿ ಬಂದಿದ್ದಾನೆ. ಎಲ್ಲಿ ಅಂದರೆ, ಹಲಸಿನ ಮರ ದಾಟಿ ಮೇಲೆ, ಅಜ್ಜ ಅಡಿಕೆ ದಂಬೆಯಲ್ಲಿ ನೀರು ತರುತ್ತಿದ್ದ ದಾರಿಯಲ್ಲೇ. ಯಾವ ಹಲಸಿನ ಮರ ಅಂತ ಕೇಳಲು ನಾಚಿಕೆಯಾಯಿತು. ತಲೆ ಆಡಿಸಿದೆ.

ಸರ್ವರಿನ ಫೈಲುಗಳನ್ನೆಲ್ಲ ಗಿಟ್‌ಗೆ ಹಾಕಿಟ್ಟಿದ್ದೇನೆ. ನಾಳೆ ಆ ಮಶೀನು ಹೋದರೂ ಇನ್ನೊಂದನ್ನು ಎಬ್ಬಿಸಬಹುದು. ಗುಡ್ಡದಲ್ಲಿ ಪೈಪು ಎಲ್ಲಿ ಮಣ್ಣೊಳಗೆ ಹೋಗಿ ಎಲ್ಲಿ ಏಳುತ್ತದೆ ಅನ್ನುವುದು ಮಾತ್ರ... ನಾಳೆ ಹೊಳವಾದರೆ ಜೊತೆಗೆ ಹೋಗಬೇಕು. ಅವನು ಕರೆಯುವುದಿಲ್ಲ, ನಾನೇ ಹೊರಡಬೇಕು.

ಭಾವನ ಮೆಸೇಜು ಬಂತು. ತೋಟದ ಫೋಟೋ ಏರುತ್ತಿಲ್ಲವಂತೆ, 413 ಎರರ್. ಎಂಜಿನ್‌ಎಕ್ಸ್ ತಾನಾಗಿ ಒಳಬಿಡುವುದು 1 ಎಂಬಿವರೆಗೆ ಮಾತ್ರ, ಇವನ ಫೋನಿನ ಒಂದೊಂದು ಫೋಟೋ 4 ಎಂಬಿ. ರಾತ್ರಿಯೇ ಬದಲಾಯಿಸಬೇಕು.

ಕೆಳಗೆ ಅಪ್ಪಯ್ಯ ಬಚ್ಚಲ ನಲ್ಲಿ ತಿರುಗಿಸಿ ನೋಡುತ್ತಿದ್ದಾನೆ. ಬುಸ್ ಅಂತ ಕೇಳಿಸಿತೋ, ಇಲ್ಲ ಮಳೆಯೋ...