ಅಪ್ಪಾಜಿಯ ಕಿವಿ, ಮಗಳ ಕಿವಿ

ಕರೆದರೆ ತಿರುಗಲ್ಲ, ಟಿವಿ ಸೌಂಡು ಜಾಸ್ತಿ ಬೇಕು. ನಾಲ್ಕು ವರ್ಷದ ಮಗಳದು ಇದೇ ಕತೆ. "ಸಣ್ಣ ಮಕ್ಕಳು ಹಂಗ ಇರ್ತಾವ, ಬಿಡವಾ" ಅಂದರು ಅಪ್ಪಾಜಿ. ಬನಹಟ್ಟಿಯಲ್ಲಿ ವರ್ಷಗಟ್ಟಲೆ ಪವರ್‌ಲೂಮ್ ನಡೆಸಿದವರು, ಅವರ ಕಿವಿಯೂ ಮಂದ. ಇಬ್ಬರನ್ನೂ ಬಾಗಲಕೋಟೆಯ ನವನಗರದಲ್ಲಿ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ.

ಹೊರಗಿನ ಸದ್ದು ಬಾರದ ಸಣ್ಣ ಕೋಣೆ. ಮಗಳ ತಲೆಗೆ ಹೆಡ್‌ಫೋನು, ಮುಂದೆ ಬಣ್ಣದ ರಿಂಗುಗಳು. "ಕಿವ್ಯಾಗ ಪೀಪ್ ಅಂದ್ರ ಒಂದು ಹಾಕಬೇಕ ಪುಟ್ಟಿ" ಅಂದರು ಪರೀಕ್ಷೆ ಮಾಡುವ ಮೇಡಂ. ಶುರು 1000 ಹರ್ಟ್ಜ್‌ನಿಂದ. ಹರ್ಟ್ಜ್ ಅಂದರೆ ಸ್ವರದ ಎತ್ತರದ ಅಳತೆ, ಡೆಸಿಬಲ್ ಅಂದರೆ ಸದ್ದಿನ ಜೋರಿನ ಅಳತೆ. ಕೇಳಿಸಿದರೆ 10 ಡೆಸಿಬಲ್ ಇಳಿಸುತ್ತಾರೆ, ಕೇಳಿಸದಿದ್ದರೆ 5 ಏರಿಸುತ್ತಾರೆ. ಹಾಗೇ 250ರಿಂದ 8000 ಹರ್ಟ್ಜ್‌ವರೆಗೆ. ಸೊನ್ನೆ ಡೆಸಿಬಲ್ ಅಂದರೆ ಸದ್ದೇ ಇಲ್ಲ ಅಂತಲ್ಲ. ಕಿವಿ ಚೆನ್ನಾಗಿರುವ ಹರೆಯದವರಿಗೆ ಸರಾಸರಿ ಕೇಳಿಸುವ ಅತಿ ಸಣ್ಣ ಸದ್ದು ಅದು. ನನ್ನ ಮಗಳು ನಡುವೆ ಸುಮ್ನೆ ಕೆಂಪು ರಿಂಗೊಂದನ್ನು ಹಾಕಿಬಿಟ್ಟಳು, ಸದ್ದೇ ಬಂದಿರಲಿಲ್ಲ! ಮೇಡಂ ಸದ್ದು ಬಿಡುವ ಅಂತರವನ್ನು ಹೆಚ್ಚುಕಡಿಮೆ ಮಾಡುತ್ತಿದ್ದುದು ಇದಕ್ಕೇ. ಊಹೆ ಸಿಕ್ಕಿಬೀಳುತ್ತದೆ.

ಮಾತು ಬಾರದ ಕೂಸಿಗೆ ಹೇಗೆ ಅಂತ ಕೇಳಿದೆ. ಆಗ ಕಿವಿಗೆ ಪುಟ್ಟ ನಳಿಕೆ ಇಟ್ಟು ಸದ್ದು ಬಿಡುತ್ತಾರಂತೆ. ಒಳಗಿವಿ ಸರಿ ಇದ್ದರೆ ತಾನೇ ಒಂದು ಸಣ್ಣ ಸದ್ದು ವಾಪಸ್ ಕಳಿಸುತ್ತದೆ, ಮೈಕು ಅದನ್ನು ಹಿಡಿಯುತ್ತದೆ. ಕೂಸು ಮಲಗಿದ್ದರೆ ಇನ್ನೂ ಒಳ್ಳೆಯದು.

ಒಂದೊಂದು ಸ್ವರಕ್ಕೂ ಕೇಳಿಸಿದ ಅತಿ ಸಣ್ಣ ಸದ್ದನ್ನು ಹಾಳೆಯ ಮೇಲೆ ಗೆರೆಯಾಗಿ ತೋರಿಸುತ್ತಾರೆ. ಡೆಸಿಬಲ್ ಹೆಚ್ಚಿದಷ್ಟೂ ಗೆರೆ ಕೆಳಗೆ, ಕಿವಿ ಮಂದ. ಮಗಳ ಗೆರೆ 30 ಡೆಸಿಬಲ್ ಹತ್ತಿರ ನಿಂತಿತ್ತು. ಕಿವಿಯ ಪರದೆ ಹಿಂದೆ ನೀರು ತುಂಬಿದೆ, ನೆಗಡಿ ಆದಮೇಲೆ ಸಣ್ಣ ಮಕ್ಕಳಲ್ಲಿ ಇದು ಮಾಮೂಲು, ಮೂರು ತಿಂಗಳು ಕಾಯೋಣ ಅಂದರು ಡಾಕ್ಟರು. ಇನ್ನೊಂದು ಮಾತು ಮೇಡಂ ಹೇಳಿದ್ದು: ಕಿವಿ ಸರಿ ಇದ್ದರೂ ನಾಲ್ಕು ವರ್ಷದವರ ಅಂಕಿ ಹತ್ತು ವರ್ಷದವರಿಗಿಂತ ತುಸು ಹಿಂದೆಯೇ ಇರುತ್ತದೆ. ಸದ್ದನ್ನು ಗುರುತಿಸೋದು, ಗಮನ ಕೊಟ್ಟು ಕಾಯೋದು ಎರಡೂ ಬೆಳೆಯುತ್ತಾ ಬರಬೇಕು. ಅಂದಮೇಲೆ ಮಗುವಿನ ಒಂದೇ ಪರೀಕ್ಷೆ ನೋಡಿ ಗಾಬರಿ ಆಗೋದರಲ್ಲಿ ಅರ್ಥವಿಲ್ಲ ಅಂತ ನನಗನಿಸಿತು. ಪರೀಕ್ಷೆ ಮಾಡಿಸದೇ ಇರೋದರಲ್ಲಂತೂ ಇಲ್ಲವೇ ಇಲ್ಲ.

ಅಪ್ಪಾಜಿಯ ಗೆರೆ ಮೊದಮೊದಲು ಚೆನ್ನಾಗಿತ್ತು. 4000 ಹರ್ಟ್ಜ್‌ಗೆ ಬಂದಾಗ ಬಾವಿಗೆ ಬಿದ್ದ ಹಾಗೆ ಇಳಿದು, 8000ಕ್ಕೆ ಸ್ವಲ್ಪ ಮೇಲೆದ್ದಿತ್ತು. ಇದು ಗದ್ದಲದ ಗುರುತಂತೆ. ಸ, ಶ, ಫ ಥರದ ಅಕ್ಷರಗಳ ಸದ್ದು ಹೆಚ್ಚಾಗಿ ಈ ಎತ್ತರದ ಕಡೆಯೇ ಇರುತ್ತದೆ. "ಮಾತು ಕೇಳ್ತೈತಿ, ಆದ್ರ ತಿಳಿಯಂಗಿಲ್ಲ" ಅಂತ ಅವರು ಯಾವಾಗಲೂ ಹೇಳುತ್ತಿದ್ದುದು ಆಗ ಅರ್ಥವಾಯಿತು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳು ಗದ್ದಲಕ್ಕೆ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಮೂರು ತಿಂಗಳಾದ ಮೇಲೆ ಮಗಳ ಗೆರೆ 15ಕ್ಕೆ ಬಂತು. ಅಪ್ಪಾಜಿ ಮಷೀನು ಹಾಕಿಕೊಳ್ಳಲು ಇನ್ನೂ ಒಪ್ಪಿಲ್ಲ. ಆದರೆ ಮಗ್ಗದ ಹುಡುಗರಿಗೆ "ಕಿವ್ಯಾಗ ಹತ್ತಿ ಇಟ್ಕೋರಪಾ" ಅಂತ ಹೇಳಲು ಶುರು ಮಾಡಿದ್ದಾರೆ. ಹತ್ತಿ ಸಾಲಲ್ಲ, ಇಯರ್‌ಪ್ಲಗ್ಗೇ ಬೇಕು ಅಂತ ನಾನು ಅವರಿಗೆ ಜೋರಾಗಿ ಹೇಳುತ್ತಲೇ ಇದ್ದೇನೆ.