ಕಟ್ಟಕಡೆಯ ನಲ್ಲಿಗೂ ಕ್ಲೋರಿನ್: ನಮ್ಮೂರ ಟ್ಯಾಂಕಿನ ಕೆಲಸ ಎಲ್ಲಿಗೆ ಬಂತು

ಗುಡಿಬಂಡೆ ತಾಲ್ಲೂಕಿನ ಈ ಊರಿಗೆ ನೀರು ಬರುವುದು ಒಂದು ಬೋರ್‌ವೆಲ್‌ನಿಂದ 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ಎರಡು ಪಿವಿಸಿ ಲೈನಿಗೆ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ಇದೆಯಲ್ಲ ಎಂದು ನಲ್ಲಿ ನೀರನ್ನು ಕಡೆಗಣಿಸುವುದು ಸುತ್ತಮುತ್ತ ಎಲ್ಲ ಊರುಗಳಲ್ಲೂ ಇದೆ. ಆದರೆ ಅಕ್ಕಿ ತೊಳೆಯುವುದು, ಪಾತ್ರೆ ಬೆಳಗುವುದು, ಬಾಯಿ ಮುಕ್ಕಳಿಸುವುದು ಅದೇ ನೀರಲ್ಲಿ. ಆಟ ಮುಗಿಸಿ ಬಂದ ಮಕ್ಕಳು ಬೊಗಸೆಯೊಡ್ಡಿ ಕುಡಿಯುವುದೂ ಅದನ್ನೇ. ಹಾಗಾಗಿ ಗುರಿ ಒಂದೇ: ಟ್ಯಾಂಕಿನಲ್ಲಲ್ಲ, ಲೈನಿನ ಕಟ್ಟಕಡೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಉಳಿಕೆ ಕ್ಲೋರಿನ್ (ರೋಗಾಣು ಕೊಂದ ಮೇಲೂ ನೀರಲ್ಲಿ ಉಳಿಯುವ ಕ್ಲೋರಿನ್) ಸಿಗಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುವುದೂ ಇದನ್ನೇ.

ಒಂದು ಮಾತು ಮೊದಲೇ ಹೇಳಬೇಕು. ಕ್ಲೋರಿನ್ ಕೊಲ್ಲುವುದು ರೋಗಾಣುಗಳನ್ನು. ನಮ್ಮ ಕಡೆಯ ಫ್ಲೋರೈಡ್‌ಗೆ ಅದು ಮದ್ದಲ್ಲ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿ.ಗ್ರಾಂ ದಾಟಿದ ಬೋರ್ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ಬಳಸದಿರುವುದೇ ಸರಿ, ಅದಕ್ಕೆ ಘಟಕದ ನೀರೇ ಬೇಕು.

ಟ್ಯಾಂಕ್ ತೊಳೆದದ್ದು

ವಾಶ್‌ಔಟ್ ವಾಲ್ವ್ ತೆರೆದು ಕೆಸರು ಹರಿಸಿ, ಗೋಡೆಗಳನ್ನು ಬ್ರಷ್‌ನಿಂದ ಉಜ್ಜಲಾಯಿತು. ಆಮೇಲೆ 50 ಲೀಟರ್ ನೀರಿಗೆ ಶೇ 1ರ ಕ್ಲೋರಿನ್ ದ್ರಾವಣ (ಮಾಡುವ ಬಗೆ ಮುಂದಿದೆ) 1 ಲೀಟರ್ ಬೆರೆಸಿ ಗೋಡೆ, ತಳಕ್ಕೆ ಬಳಿದು ಅರ್ಧ ಗಂಟೆ ಬಿಟ್ಟು ತೊಳೆದು ಹೊರಬಿಟ್ಟದ್ದಾಯಿತು. ಮುಚ್ಚಳ ಪೂರ್ತಿ ತೆರೆದಿರಬೇಕು, ಮೇಲೆ ಒಬ್ಬರು ಕಾಯುತ್ತಿರಬೇಕು. ಒಬ್ಬರೇ ಒಳಗಿಳಿಯುವುದು ಬೇಡವೇ ಬೇಡ.

ದ್ರಾವಣ ಮತ್ತು ಪ್ರಮಾಣ

ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಶೇ 33ರ ಆಸುಪಾಸು ಕ್ಲೋರಿನ್ ಇರುತ್ತದೆ. ಚೀಲ ಬಿಚ್ಚಿ ಬಿಸಿಲು, ತೇವ ತಾಗಿದರೆ ವಾರವಾರಕ್ಕೂ ಇಳಿಯುತ್ತದೆ. ಆದ್ದರಿಂದ ಲೆಕ್ಕಕ್ಕೆ ಶೇ 25 ಎಂದು ಹಿಡಿದಿದ್ದೇವೆ. 10 ಲೀಟರ್ ನೀರಿಗೆ 400 ಗ್ರಾಂ ಪೌಡರ್ ಹಾಕಿದರೆ ಶೇ 1ರ ದ್ರಾವಣ. ಇದರಲ್ಲಿ 100 ಗ್ರಾಂ ಕ್ಲೋರಿನ್ ಇರುತ್ತದೆ, ಅಂದರೆ ತುಂಬಿದ ಟ್ಯಾಂಕಿಗೆ ಲೀಟರಿಗೆ 2 ಮಿ.ಗ್ರಾಂ.

ಮಾಡುವ ಬಗೆ: ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರಿಟ್ಟು, ಪೌಡರನ್ನು ಆ ನೀರಿಗೆ ಹಾಕಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ ಒಂದು ಗಂಟೆ ಅಲುಗಾಡಿಸದೆ ಬಿಡುವುದು. ಸುಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು. ಪೌಡರನ್ನು ನೇರ ಟ್ಯಾಂಕಿಗೆ ಸುರಿಯುವ ರೂಢಿಯಿಂದ ಆ ಸುಣ್ಣವೆಲ್ಲ ತಳದಲ್ಲಿ ಸೇರಿ ಔಟ್‌ಲೆಟ್ ಕಟ್ಟುತ್ತದೆ, ಮೊದಲ ಮನೆಗಳಿಗೆ ಘಾಟು ಹೊಡೆಯುತ್ತದೆ, ಕೊನೆಯ ಮನೆಗೆ ಏನೂ ಮುಟ್ಟುವುದಿಲ್ಲ. ತಗಡಿನ ಡಬ್ಬ ಬೇಡ, ತುಕ್ಕು ಹಿಡಿಯುತ್ತದೆ. ಪೌಡರನ್ನು ಯೂರಿಯಾ ಚೀಲ, ಡೀಸೆಲ್, ಆಸಿಡ್ ಇರುವ ಕೋಣೆಯಲ್ಲಿ ಇಡಲೇಬಾರದು.

ಎಷ್ಟು ಹಾಕಬೇಕು ಎಂಬುದನ್ನು ಊಹೆಗೆ ಬಿಡದೆ ಬಕೆಟ್ ಪರೀಕ್ಷೆ ಮಾಡಬೇಕು. ನಾಲ್ಕು 20 ಲೀಟರ್ ಬಕೆಟಿಗೆ ಕ್ಲೋರಿನ್ ಹಾಕದ ಬೋರ್ ನೀರು ತುಂಬಿ, ಸೂಜಿ ಇಲ್ಲದ ಸಿರಿಂಜಿನಿಂದ 1, 2, 4, 6 ಮಿ.ಲೀ. ದ್ರಾವಣ ಹಾಕಿದರೆ ಕ್ರಮವಾಗಿ ಲೀಟರಿಗೆ 0.5, 1, 2, 3 ಮಿ.ಗ್ರಾಂ ಆಗುತ್ತದೆ. ಕಲಕಿ ಅರ್ಧ ಗಂಟೆ ಬಿಟ್ಟು ಉಳಿಕೆ ನೋಡಬೇಕು. ಹಾಕಿದ್ದರಲ್ಲಿ ಉಳಿದದ್ದನ್ನು ಕಳೆದರೆ ನೀರು ತಾನೇ ತಿನ್ನುವ ಕ್ಲೋರಿನ್ ಎಷ್ಟೆಂದು ತಿಳಿಯುತ್ತದೆ. ಅದಕ್ಕೆ ಪೈಪಿನ ಉದ್ದಕ್ಕೂ ಕಳೆದುಹೋಗುವ ಪಾಲನ್ನೂ ಸೇರಿಸಿ ಪ್ರಮಾಣ ಗೊತ್ತುಮಾಡಬೇಕು.

ಹನಿ ಕ್ಯಾನ್

ಟ್ಯಾಂಕಿನ ಮೇಲೆ ಇನ್‌ಲೆಟ್ ಪಕ್ಕ ಕ್ಲೋರಿನ್ ದ್ರಾವಣ ಹನಿಸುವ ಪ್ಲಾಸ್ಟಿಕ್ ಕ್ಯಾನ್ ಕೂತಿದೆ. ನಲ್ಲಿಯೂ ಪ್ಲಾಸ್ಟಿಕ್ಕಿನದೇ, ತಳದಿಂದ ನಾಲ್ಕು ಬೆರಳು ಮೇಲಿದೆ. ಹನಿ ಬೀಳುವುದು ಇನ್‌ಲೆಟ್‌ನಿಂದ ರಭಸವಾಗಿ ಬೀಳುವ ನೀರಿನ ಮೇಲೆ, ಆಗಲೇ ಚೆನ್ನಾಗಿ ಬೆರೆಯುವುದು. ಬೋರ್ ನಿಮಿಷಕ್ಕೆ 100 ಲೀಟರ್ ಕೊಟ್ಟರೆ ಟ್ಯಾಂಕ್ ತುಂಬಲು ಎಂಟು ಗಂಟೆ ಇಪ್ಪತ್ತು ನಿಮಿಷ ಬೇಕು, ದ್ರಾವಣ ನಿಮಿಷಕ್ಕೆ 20 ಮಿ.ಲೀ. ಬೀಳಬೇಕು. ಔಷಧಿ ಅಳೆಯುವ ಮುಚ್ಚಳ ಹಿಡಿದು ಗಡಿಯಾರ ನೋಡಿದರೆ ಸಾಕು.

ತೊಡಕು ಎರಡು. ಕ್ಯಾನ್ ಖಾಲಿಯಾದಂತೆ ಒತ್ತಡ ಇಳಿದು ಹನಿ ನಿಧಾನವಾಗುತ್ತದೆ: 40 ಸೆಂ.ಮೀ. ಇದ್ದ ಮಟ್ಟ 10ಕ್ಕೆ ಬಂದರೆ ಹರಿವು ಅರ್ಧ. ಇದಕ್ಕೆ ಈಗ ಕ್ಯಾನಿನೊಳಗೆ ತೇಲುವ ಬಾಟಲಿಗೆ ಹನಿ ನೀರಾವರಿಯ ಮೈಕ್ರೋಟ್ಯೂಬ್ ಕಟ್ಟಿದ್ದೇವೆ. ಟ್ಯೂಬಿನ ಬಾಯಿಯಲ್ಲಿರುವ ಸಣ್ಣ ತೂತು ಯಾವಾಗಲೂ ದ್ರಾವಣದ ಮಟ್ಟಕ್ಕಿಂತ ಒಂದೇ ಆಳದಲ್ಲಿರುವುದರಿಂದ ಹರಿವು ಬದಲಾಗುವುದಿಲ್ಲ. ಎರಡನೆಯದು ಕರೆಂಟ್. ತ್ರೀಫೇಸ್ ಹೋಗಿ ಮೋಟಾರ್ ನಿಂತರೂ ಹನಿ ನಿಲ್ಲುವುದಿಲ್ಲ. ಕರೆಂಟ್ ಇದ್ದಾಗ ಮಾತ್ರ ತೆರೆಯುವ, ವಾಷಿಂಗ್ ಮೆಷಿನ್ನಿನ ಸೊಲೆನಾಯ್ಡ್ ವಾಲ್ವ್ ಇಲ್ಲಿ ಕೆಲಸಕ್ಕೆ ಬಾರದು, ಕ್ಯಾನ್ ಎತ್ತರದ ಒತ್ತಡ ಅದನ್ನು ತೆರೆಯಲು ಸಾಲದು. ಅದರ ಬದಲು ಒಂದು ಸಲ ಟ್ಯಾಂಕ್ ತುಂಬಲು ಬೇಕಾದ 10 ಲೀಟರ್ ದ್ರಾವಣವನ್ನಷ್ಟೇ ಕ್ಯಾನಿಗೆ ಹಾಕುವ ಪದ್ಧತಿ ಇಟ್ಟಿದ್ದೇವೆ. ನೀರುಗಂಟಿ ನಲ್ಲಿ ಮುಚ್ಚಲು ಮರೆತರೂ ಒಟ್ಟು ಪ್ರಮಾಣ ಮೀರುವುದಿಲ್ಲ. ಟ್ಯಾಂಕ್ ತುಂಬಿ ಅರ್ಧ ಗಂಟೆ ಕಳೆಯುವ ತನಕ ಊರಿಗೆ ನೀರು ಬಿಡುವಂತಿಲ್ಲ.

ಕೊನೆಯ ನಲ್ಲಿ

ನಿಜವಾದ ಕೆಲಸ ಇಲ್ಲಿದೆ. ಕೊನೆಯ ನಲ್ಲಿಯಲ್ಲಿ ಎರಡು ಸಲ ಅಳೆಯಬೇಕು: ನೀರು ಬಂದ ಕೂಡಲೇ ಒಂದು, ಹತ್ತು ನಿಮಿಷ ಹರಿದ ಮೇಲೆ ಇನ್ನೊಂದು. ಎರಡರಲ್ಲೂ ಕ್ಲೋರಿನ್ ಇಲ್ಲದಿದ್ದರೆ ಟ್ಯಾಂಕಿಗೆ ಹಾಕಿದ್ದು ಸಾಲದು. ಮೊದಲ ನೀರು ಮಣ್ಣು ಬಣ್ಣಕ್ಕಿದ್ದು ಕ್ಲೋರಿನ್ ಇಲ್ಲದೆ, ಆಮೇಲಿನ ನೀರಲ್ಲಿ 0.2 ದಾಟಿದ್ದರೆ ಲೈನಿನೊಳಗೆ ಹೊರಗಿನ ನೀರು ನುಗ್ಗುತ್ತಿದೆ ಎಂದು ಮೊದಲು ಅನುಮಾನಿಸಬೇಕು. ಆಗ ಪೌಡರ್ ಹೆಚ್ಚಿಸಿ ಪ್ರಯೋಜನವಿಲ್ಲ.

ನಮ್ಮ ಮೇಲಿನ ಬೀದಿಯದು ಈ ಎರಡನೆಯ ಬಗೆ. ಎತ್ತರದಲ್ಲಿ ನೀರು ಏರದ ಕಾರಣ ಗುಂಡಿ ತೋಡಿ ನಲ್ಲಿ ಇಳಿಸಿದ್ದಾರೆ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ಕೆಳಗಿನ ಬೀದಿಯ ತೆರೆದ ನಲ್ಲಿಗಳ ಕಡೆಗೆ ಇಳಿಯುತ್ತದೆ. ಮೇಲೆ ಖಾಲಿಯಾದ ಪೈಪು ಗುಂಡಿಯ ಬಚ್ಚಲ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಲ್ಲಿಗೆ ನೇರ ಮೋಟಾರ್ ಹಾಕಿದರೆ ಸೋರುವ ಜಾಯಿಂಟುಗಳಲ್ಲೂ ಇದೇ ಆಗುತ್ತದೆ. ಮೋಟಾರ್ ಬೇಕೇ ಬೇಕೆಂದರೆ ನೀರು ಮೊದಲು ಸಂಪಿಗೆ ಬೀಳಲಿ.

ಈಗ ಮೇಲಿನ ಬೀದಿಗೆ ಮೊದಲು, ಕೆಳಗಿನ ಬೀದಿಯ ವಾಲ್ವ್ ಪೂರ್ತಿ ಮುಚ್ಚಿಟ್ಟು ನೀರು ಬಿಡುವ ಕ್ರಮ ನಡೆಯುತ್ತಿದೆ. ವಾಲ್ವನ್ನು ನಿಧಾನಕ್ಕೆ ತಿರುಗಿಸಬೇಕು, ಗಕ್ಕನೆ ಮುಚ್ಚಿದರೆ ನೀರಿನ ಹೊಡೆತಕ್ಕೆ ಪಿವಿಸಿ ಜಾಯಿಂಟು ಬಿಡುತ್ತದೆ. ಹೀಗೆ ಸಾಕಷ್ಟು ಒತ್ತಡ ಸಿಗುತ್ತಿರುವ ಮನೆಗಳಲ್ಲಿ ಗುಂಡಿ ಮುಚ್ಚಿ ನಲ್ಲಿಯನ್ನು ನೆಲದಿಂದ ಒಂದೂವರೆ ಅಡಿ ಎತ್ತರಿಸುವುದು ಶುರುವಾಗಿದೆ.

ಪರೀಕ್ಷೆಯಲ್ಲಿ ಎಡವುವ ಜಾಗ

ಬಣ್ಣ ಹೋಲಿಸಿ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ಓಟಿ (ಆರ್ಥೋಟಾಲಿಡಿನ್) ದ್ರಾವಣ ಹಾಕಿದ ಕೂಡಲೇ ಹಳದಿ ಬಣ್ಣ ಹೋಲಿಸಬೇಕು, ತಡವಾದರೆ ಬಣ್ಣ ಗಾಢವಾಗಿ ಹೆಚ್ಚು ತೋರಿಸುತ್ತದೆ. ಕ್ಲೋರಿನ್ ಪರೀಕ್ಷೆಗೇ ಬಳಸುವ ಡಿಪಿಡಿ ಮಾತ್ರೆಯ ಗುಲಾಬಿ ಬಣ್ಣ ಮೂಡಿ ಮಾಯವಾದರೆ ಕ್ಲೋರಿನ್ ಇಲ್ಲವೆಂದಲ್ಲ, ವಿಪರೀತ ಇರಬಹುದು. ಸ್ಯಾಂಪಲ್ಲಿಗೆ ಕ್ಲೋರಿನ್ ಇಲ್ಲದ ನೀರು ಬೆರೆಸಿ ಮತ್ತೆ ನೋಡಬೇಕು. ಫ್ಲೋರೈಡ್ ಕಿಟ್ಟಿಗೆ ಕ್ಲೋರಿನ್ ಹಾಕುವ ಮುಂಚಿನ ಬೋರ್ ನೀರನ್ನೇ ಹಿಡಿಯಬೇಕು, ಕ್ಲೋರಿನ್ ಆ ಬಣ್ಣವನ್ನು ಕೆಡಿಸುತ್ತದೆ. ರೋಗಾಣು ಪರೀಕ್ಷೆಯ ಎಚ್‌ಟುಎಸ್ ಬಾಟಲಿ ಕಪ್ಪಾದರೆ ನೀರು ಅಪಾಯ. ಚಳಿಗಾಲದಲ್ಲಿ ಅದನ್ನು ಬೆಚ್ಚಗಿನ ಜಾಗದಲ್ಲಿ ಇಡಬೇಕು, ಇಲ್ಲದಿದ್ದರೆ ಕೆಟ್ಟ ನೀರೂ ಕಪ್ಪಾಗದೆ ಉಳಿದೀತು.

ಬಾಕಿ ಇರುವುದು: ಚರಂಡಿ ದಾಟುವ ಕಡೆಯ ಸೋರುವ ಜಾಯಿಂಟ್ ಅಗೆದು ಬದಲಿಸುವುದು, ಉಳಿದ ಗುಂಡಿ ನಲ್ಲಿಗಳನ್ನು ಎತ್ತರಿಸುವುದು. ಎರಡೂ ಮಳೆಗಾಲಕ್ಕೆ ಮುಂಚೆ ಆಗಬೇಕು, ಮಳೆ ಬಿದ್ದ ಮೇಲೆ ಗುಂಡಿ ಒಣಗುವುದೇ ಇಲ್ಲ.