ಅರಳು ಮರಳು ಎನ್ನುವ ಮುನ್ನ

ದಾವಣಗೆರೆಯ ಬೇಸಿಗೆಯಲ್ಲಿ ಹಿರಿಯರಿಗೆ ಉರಿಮೂತ್ರ ಕಾಣಿಸಿಕೊಂಡರೆ ‘ಉಷ್ಣ ಆಗಿದೆ’ ಎಂದು ಎಳನೀರು, ಬಾರ್ಲಿ ನೀರು ಕೊಟ್ಟು ಸುಮ್ಮನಾಗುವುದು ನಮ್ಮ ಮನೆಗಳ ಹಳೆಯ ರೂಢಿ. ಆದರೆ ವಯಸ್ಸಾದವರಲ್ಲಿ ಮೂತ್ರದ ಸೋಂಕು ಎಷ್ಟೋ ಬಾರಿ ಉರಿಯನ್ನೇ ತೋರಿಸದೆ, ಜ್ವರ, ಸುಸ್ತು, ಊಟ ಸೇರದಿರುವುದು, ಕೆಲವೊಮ್ಮೆ ಒಂದೆರಡು ದಿನದಲ್ಲೇ ಮೂಡುವ ಗೊಂದಲದ ರೂಪದಲ್ಲಿ ಬರುತ್ತದೆ.

ನಮ್ಮ ಅತ್ತೆಯವರು ಒಂದು ಸಂಜೆ, ಎಂದೋ ತೀರಿಕೊಂಡ ತಮ್ಮ ಅಣ್ಣನನ್ನು ಊಟಕ್ಕೆ ಕರೆಯಿರೆಂದು ಹಟ ಹಿಡಿದಾಗ, ಮನೆಗೆ ಬಂದಿದ್ದ ನೆಂಟರು ‘ಅರಳು ಮರಳು’ ಎಂದುಬಿಟ್ಟರು. ಮೈ ಬಿಸಿಯಿತ್ತು, ಕಿಬ್ಬೊಟ್ಟೆ ಮುಟ್ಟಿದರೆ ನೋಯುತ್ತಿತ್ತು. ವೈದ್ಯರು ಸೋಂಕೆಂದು ಅಲ್ಲಿಗೇ ತೀರ್ಮಾನಿಸದೆ ರಕ್ತದಲ್ಲಿನ ಸಕ್ಕರೆ, ಸೋಡಿಯಂ ಎರಡನ್ನೂ ನೋಡಿದರು. ಗೊಂದಲಕ್ಕೆ ಅವೂ ಕಾರಣವಾಗಬಲ್ಲವು. ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯಾದ ಮೂತ್ರದ ಕಲ್ಚರ್‌ನಲ್ಲಿ ಇ. ಕೋಲಿ ಬೆಳೆಯಿತು. ಈ ಸೋಂಕುಗಳಲ್ಲಿ ಅತಿ ಹೆಚ್ಚಾಗಿ ಸಿಗುವುದು ಕರುಳಿನಲ್ಲೇ ವಾಸಿಸುವ ಇದೇ ಬ್ಯಾಕ್ಟೀರಿಯಾ.

ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಇಳಿದು ಹೆಂಗಸರಲ್ಲಿ ಸಹಜ ರಕ್ಷಣೆ ಕುಗ್ಗುತ್ತದೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರ ಪೂರ್ತಿ ಹೊರಹೋಗುವುದಿಲ್ಲ. ಸಕ್ಕರೆ ಕಾಯಿಲೆ, ಮಲಬದ್ಧತೆ, ಕ್ಯಾತಿಟರ್ (ಮೂತ್ರ ಹೊರತೆಗೆಯಲು ಹಾಕುವ ಕೊಳವೆ) ಇವುಗಳ ಜೊತೆಗೆ ಸೇರುತ್ತವೆ. ರಾತ್ರಿ ಹಿತ್ತಲ ಪಾಯಿಖಾನೆಗೆ ಹೋಗಬೇಕಲ್ಲ ಎಂಬ ಅಂಜಿಕೆಯಿಂದ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವವರು ನಮ್ಮ ಹಳೆಯ ಮನೆಗಳಲ್ಲಿ ಈಗಲೂ ಇದ್ದಾರೆ. ಅವರಿಗೆ ಹಗಲಿನಲ್ಲೇ ಹೆಚ್ಚು ಕುಡಿಸುವುದು ಜಾಣತನ; ಆದರೆ ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ನನ್ನ ಆಕ್ಷೇಪವಿರುವುದು ಸೋಂಕನ್ನು ಕಡೆಗಣಿಸುವುದಕ್ಕೆ ವಿರುದ್ಧವಾದ ಇನ್ನೊಂದು ಅಭ್ಯಾಸದ ಬಗ್ಗೆ: ಲಕ್ಷಣಗಳಿಲ್ಲದಿದ್ದರೂ ಮಾತ್ರೆ ನುಂಗಿಸುವುದು. ಕೆಲವು ತಿಂಗಳ ನಂತರ, ಅತ್ತೆಯವರು ಆರಾಮಾಗಿದ್ದಾಗಲೇ ಮಾಡಿಸಿದ ಪರೀಕ್ಷೆಯಲ್ಲಿ ಮತ್ತೆ ಬ್ಯಾಕ್ಟೀರಿಯಾ ಕಂಡಿತು. ಮೆಡಿಕಲ್ ಸ್ಟೋರ್‌ನಲ್ಲಿ ಹಿಂದಿನ ಮಾತ್ರೆಯನ್ನೇ ತಂದುಬಿಡೋಣವೆಂದು ಮನೆಯವರೆಲ್ಲ ಅವಸರಪಟ್ಟರೂ ವೈದ್ಯರು ಬೇಡವೆಂದರು. ಲಕ್ಷಣಗಳಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಇಳಿವಯಸ್ಸಿನಲ್ಲಿ ಸಾಮಾನ್ಯ. ಮೂತ್ರನಾಳದ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಮುಂಚೆ ಬಿಟ್ಟರೆ ಅದಕ್ಕೆ ಆ್ಯಂಟಿಬಯೋಟಿಕ್ ಕೊಡುವುದರಿಂದ ಲಾಭವಿಲ್ಲ. ಭೇದಿಯಂಥ ಅಡ್ಡಪರಿಣಾಮಗಳ ಜೊತೆಗೆ, ನಿಜಕ್ಕೂ ಬೇಕಾದ ದಿನ ಔಷಧಿಯೇ ನಾಟದಂತಾಗುವ ಅಪಾಯವೂ ಇದೆ. ಮೂತ್ರಕ್ಕೆ ವಾಸನೆ ಬಂದಿತೆಂಬುದೊಂದೇ ಮಾತ್ರೆಗೆ ಕಾರಣವಾಗಬಾರದು.

ಕಲ್ಚರ್‌ಗೆ ಮೊದಲ ಧಾರೆಯನ್ನು ಬಿಟ್ಟು ನಡುವಿನ ಮೂತ್ರವನ್ನು, ಸಾಧ್ಯವಾದಷ್ಟೂ ಆ್ಯಂಟಿಬಯೋಟಿಕ್ ಶುರುವಾಗುವ ಮೊದಲೇ ಹಿಡಿದು ಲ್ಯಾಬ್‌ಗೆ ಬೇಗ ತಲುಪಿಸಬೇಕು. ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ, ಮಂಪರು ಇವುಗಳಲ್ಲಿ ಯಾವುದು ಕಂಡರೂ ವರದಿಗೆ ಕಾಯದೆ ಆ ರಾತ್ರಿಯೇ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಬೇರೆ ದೊಡ್ಡ ಆಸ್ಪತ್ರೆಗೋ ಕರೆದೊಯ್ಯಬೇಕು.